ಹೊಸಿಲು ದಾಟುವವರೆಗೆ

ಕಡಹಿನಬೈಲು,
13–11–2003

ಚಿ. ಯಜ್ಞೇಶರಿಗೆ ತುಂಗಮ್ಮನ ಆಶೀರ್ವಾದ.

ನೀವು ಸುಬ್ರಾಯನ ಮನೆಗೆ ಮಾಡಿದ ಫೋನಿನ ಸುದ್ದಿ ಬಂತು. ಬಂದದ್ದು ಹೇಗೆಂದರೆ, ಅವನ ಹೆಂಡತಿ ಗದ್ದೆಯ ಬದುವಿನ ಮೇಲೆ ಓಡಿ ಬಂದು, "ದೊಡ್ಡಮ್ಮಾ, ಸಂಪದಕ್ಕಂಗೆ ತಲೆ ಒಳಗೆ ರಕ್ತ ಒಡೆದಿದ್ಯಂತೆ, ಮಂಗಳೂರಲ್ಲಿ ಬುರುಡೆ ಬಿಚ್ಚಿದ್ರಂತೆ" ಎಂದು ಅಂಗಳದಲ್ಲೇ ಕೂಗಿದಳು. ಸುದ್ದಿ ಹೇಳುವ ಕ್ರಮವೇ ಅದು?

ತಿರುಗಿ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಸುಬ್ರಾಯನ ಫೋನ್ ಇರುವುದು ನಡುಮನೆಯಲ್ಲಿ. ನಾನು ಒಂದು ಮಾತಾಡಿದರೆ ಅವರ ಮನೆಯವರೆಲ್ಲ ಸೇರಿ ಅದನ್ನು ನಾಲ್ಕು ಮಾಡುತ್ತಾರೆ. ನನಗೆ ಕೇಳಬೇಕಾದದ್ದು ಹಾಗೆ ಕೇಳುವಂಥದ್ದಲ್ಲ. ಆದ್ದರಿಂದ ಈ ಪತ್ರ.

ಭಾನುವಾರ ಬೆಳಗ್ಗೆ ನನ್ನ ಅಂಗಳದಿಂದ ನಡೆದುಕೊಂಡು ಹೋದವಳು ಅವಳು. ಮೂಗಿಗೆ ಮದ್ದಿನ ರಸ ಬಿಟ್ಟಾಗ ಎಲ್ಲರಂತೆ ಸೀನಿದಳು, ಕಣ್ಣು ಮೂಗಲ್ಲಿ ನೀರು ಸುರಿಯಿತು, ಆಮೇಲೆ ನಿಮ್ಮ ತೋಳು ಹಿಡಿದುಕೊಂಡು ಹೊರಟಳು. ಕಟ್ಟಳೆ ಪಾಲಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಐದು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡು ನನ್ನ ಮಡಿಲಿಗೆ ಬಂದವಳು. ಅರೆತಲೆನೋವಿನ ಮದ್ದಿಗೆ ಬಂದವರು ಯಾರಾದರೂ ಅಂಗಳದಲ್ಲಿ ಪಿಸುಗುಟ್ಟಿದರೆ, ಈ ಪುಟ್ಟ ಹುಡುಗಿ ಅವರೆದುರು ಹೋಗಿ ತುಟಿಯ ಮೇಲೆ ಬೆರಳಿಟ್ಟು ನಿಲ್ಲುತ್ತಿದ್ದಳು. ಮದ್ದಿಗೆಂದು ತನ್ನ ಮನೆಯ ಹೊಸಿಲು ದಾಟಿದವರು, ಮದ್ದು ಮುಗಿಸಿ ಮತ್ತೆ ಅದೇ ಹೊಸಿಲು ದಾಟಿ ಒಳಗೆ ಹೋಗುವವರೆಗೆ ಬಾಯಿ ಬಿಡಬಾರದು, ಬಿಟ್ಟರೆ ಮದ್ದು ಹಿಡಿಯುವುದಿಲ್ಲ ಎಂದು ದೊಡ್ಡ ದೊಡ್ಡ ಗಂಡಸರಿಗೆ ಅವಳೇ ಹೇಳಿಕೊಡುತ್ತಿದ್ದಳು. ಶನಿವಾರ ಸಂಜೆ ನೀವಿಬ್ಬರೂ ಬಂದಾಗಲೂ ಒಂದು ಮಾತಾಡಲಿಲ್ಲ. ನಾನೂ ಏನೂ ಕೇಳಲಿಲ್ಲ.

ಈಗ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಅವಳು ಎಲ್ಲಾದರೂ ಬಿದ್ದಿದ್ದಳೇ? ತಲೆಗೆ ಏನಾದರೂ ತಾಗಿತ್ತೇ? ಶುಕ್ರವಾರ ನಿಮ್ಮ ಮನೆಯಲ್ಲಿ ಏನು ನಡೆಯಿತು? ಇದ್ದದ್ದು ಇದ್ದ ಹಾಗೆ ಬರೆಯಿರಿ. ದಿವ್ಯ ಯಾರ ಹತ್ತಿರ ಇದ್ದಾಳೆ? ಮಗು ಹೆದರಿರುತ್ತದೆ.

ತುಂಗಮ್ಮ


ಮಂಗಳೂರು,
19–11–2003

ಪೂಜ್ಯ ದೊಡ್ಡಮ್ಮನವರಿಗೆ ಯಜ್ಞೇಶನ ಸಾಷ್ಟಾಂಗ ನಮಸ್ಕಾರಗಳು.

ದಿವ್ಯ ಶೃಂಗೇರಿಯಲ್ಲೇ, ನನ್ನ ಅಣ್ಣನ ಮನೆಯಲ್ಲಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ. ನನ್ನ ಟಿ.ವಿ. ರಿಪೇರಿ ಅಂಗಡಿಗೆ ಬೀಗ ಹಾಕಿದ್ದೇನೆ. ನಾನು ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿಕೊಂಡಿದ್ದೇನೆ.

ಸಂಪದಾಳ ಆಪರೇಷನ್ ಆಗಿದೆ. ಮೆದುಳಿನ ಎಡಬದಿಯ ಒಂದು ರಕ್ತನಾಳ ಒಂದು ಕಡೆ ಉಬ್ಬಿಕೊಂಡಿತ್ತಂತೆ. ಅದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಟೈರು ಸವೆದ ಕಡೆ ಸೈಕಲ್ ಟ್ಯೂಬು ಗುಳ್ಳೆಯಾಗಿ ಹೊರಗೆ ಬರುತ್ತದಲ್ಲ, ಹಾಗೆ ಎಂದು ಡಾಕ್ಟರು ಹೇಳಿದರು. ಎಷ್ಟೋ ವರ್ಷದಿಂದ ಇದ್ದಿರಬಹುದು, ಯಾರಿಗೂ ಗೊತ್ತಾಗುವುದಿಲ್ಲ, ನೋವಿಲ್ಲ, ಏನಿಲ್ಲ. ಅದು ಒಡೆದಿದೆ. ತಲೆಬುರುಡೆ ತೆರೆದು ಆ ಗುಳ್ಳೆಯ ಕುತ್ತಿಗೆಗೆ ಒಂದು ಕ್ಲಿಪ್ಪು ಹಾಕಿದ್ದಾರೆ. ಬಟ್ಟೆ ಒಣಹಾಕುವ ಕ್ಲಿಪ್ಪಿನ ಜಾತಿಯದೇ, ಆದರೆ ಉಗುರಿಗಿಂತ ಚಿಕ್ಕದು. ಇನ್ನು ಆ ಜಾಗದಿಂದ ರಕ್ತ ಬರುವುದಿಲ್ಲ. ಆದರೆ ಗಂಡಾಂತರ ಕಳೆದಿಲ್ಲ. ಹೊರಗೆ ಚೆಲ್ಲಿದ ರಕ್ತ ತಾಗಿ ಉಳಿದ ನಾಳಗಳು ಸೆಟೆದುಕೊಳ್ಳಬಹುದು, ಮುಂದಿನ ದಿನಗಳಲ್ಲಿ ಅದನ್ನೇ ಕಾಯಬೇಕು ಎಂದಿದ್ದಾರೆ. ಬಲಗೈ ಬಲಗಾಲಿನಲ್ಲಿ ಶಕ್ತಿ ಇಲ್ಲ. ಮಾತು ಬಂದಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಅವಳು ಬಿದ್ದಿರಲಿಲ್ಲ, ಏನೂ ತಾಗಿರಲಿಲ್ಲ. ಶುಕ್ರವಾರ ಬೆಳಗ್ಗೆ ದೋಸೆ ಹೊಯ್ಯುತ್ತಿದ್ದವಳು ತಲೆನೋವೆಂದು ಕೂತಳು, ವಾಂತಿ ಮಾಡಿದಳು. ಪಿತ್ತ ಎಂದುಕೊಂಡೆವು. ವಾಂತಿಯಾದ ಮೇಲೆ ನೋವು ಸ್ವಲ್ಪ ಇಳಿಯಿತು, ಹಾಗಾಗಿ ಪಿತ್ತವೇ ಎಂದು ಗಟ್ಟಿಯಾಯಿತು. ದೊಡ್ಡಮ್ಮನ ಮದ್ದು ಮಾಡೋಣ ಎಂದವಳು ಅವಳೇ. ಭಾನುವಾರ ಮನೆಗೆ ಬರುವವರೆಗೂ ಸರಿಯಾಗಿಯೇ ಇದ್ದಳು. ಬಂದ ಮೇಲೆ ಹೀಗಾಯಿತು.

ಡಾಕ್ಟರು ಎರಡು ವಿಷಯ ಕೇಳಿದ್ದಾರೆ. ಮೂಗಿಗೆ ಬಿಟ್ಟದ್ದು ಏನು? ಅವಳ ತಾಯಿಯ ಕಡೆಯಲ್ಲಾಗಲಿ ತಂದೆಯ ಕಡೆಯಲ್ಲಾಗಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡದ್ದುಂಟೇ? ದಯವಿಟ್ಟು ಬೇಗ ಬರೆಯಿರಿ.

ನಿಮ್ಮ
ಯಜ್ಞೇಶ


ಕಡಹಿನಬೈಲು,
24–11–2003

ಚಿ. ಯಜ್ಞೇಶರಿಗೆ ಆಶೀರ್ವಾದ.

ಮದ್ದು ಏನೆಂದು ನನ್ನ ಅತ್ತೆ ನನಗೆ ಹೇಳಿದ್ದು ತಾನು ಸಾಯುವ ವರ್ಷ. ಸಂಪದಾಗೂ ನಾನು ಹೇಳಿರಲಿಲ್ಲ. ಈಗ ಬರೆಯುತ್ತೇನೆ, ಡಾಕ್ಟರಿಗೆ ತೋರಿಸಿ. ತುಂಬೆ ಸೊಪ್ಪಿನ ರಸ. ಅದರಲ್ಲಿ ತೇಯ್ದ ಎರಡು ಕಾಳುಮೆಣಸು. ಮೂಗಿನ ಹೊಳ್ಳೆಗೆ ಎರಡು ಹನಿ, ಬಿಸಿಲು ಬೀಳುವ ಮೊದಲು. ಅಷ್ಟೇ. ಇಷ್ಟು ಸಣ್ಣದನ್ನು ಎರಡು ತಲೆಮಾರು ನಿಧಿಯ ಹಾಗೆ ಮುಚ್ಚಿಟ್ಟೆವಲ್ಲ ಎಂದು ಬರೆಯುವಾಗ ನನಗೇ ನಗು ಬಂತು. ನಗು ಬಂದದ್ದಕ್ಕೆ ಅಳುವೂ ಬಂತು.

ಎರಡನೆಯದು. ನಿಮ್ಮ ಅತ್ತೆ, ಅಂದರೆ ನನ್ನ ತಂಗಿ, ಹೃದಯ ನಿಂತು ಹೋದಳು ಎಂದು ನಿಮಗೆ ಹೇಳಿದ್ದೇವೆ. ಅದು ನಾವು ಕಟ್ಟಿದ್ದು. ಅವಳು ಬಾವಿಕಟ್ಟೆಯಲ್ಲಿ ಕೊಡ ಇಳಿಸಿ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು "ಅಕ್ಕಾ" ಎಂದು ಕೂಗಿದಳು. ನಾನು ಹಿತ್ತಿಲಿಂದ ಬರುವುದರೊಳಗೆ ಮಲಗಿಬಿಟ್ಟಿದ್ದಳು, ಏಳಲಿಲ್ಲ. ಮೂವತ್ತರ ಹರೆಯ. ಗಾಳಿ ಸೋಕಿತು ಎಂದರು ಕೆಲವರು. ಗಾಳಿ ಸೋಕಿದವಳ ಮಗಳು ಎಂದರೆ ನಾಳೆ ಸಂಬಂಧ ಕೂಡಿಬರುವುದಿಲ್ಲವೆಂದು ನಾವು ಹೃದಯ ಎಂದೆವು. ಮುಚ್ಚಿಟ್ಟದ್ದು ನಿಮಗೆ ಬೇಸರವಾಗಬಹುದು. ಆಗಲಿ. ಡಾಕ್ಟರಿಗೆ ಇದನ್ನು ಹೇಳಿ.

ನಾನು ಹೇಳಬೇಕಾದ್ದು ಹೇಳಿದೆ. ನೀವೂ ಹೇಳಬೇಕು. ಮನೆಗೆ ಬರುವವರೆಗೂ ಸರಿಯಾಗಿದ್ದಳು ಎಂದು ಬರೆದಿದ್ದೀರಿ. ಹಾಗಾದರೆ ಹೊಸಿಲು ದಾಟಿದ ಮೇಲೆ ಅವಳು ಆಡಿದ ಮೊದಲ ಮಾತು ಯಾವುದು? ಅಂದರೆ, ಅವಳ ಕೊನೆಯ ಮಾತು ಯಾವುದು? ಅದಕ್ಕೂ ಹಿಂದೆ, ಶುಕ್ರವಾರ ನೀವಿಬ್ಬರೂ ಹೇಗಿದ್ದಿರಿ? ಗಂಡ ಹೆಂಡಿರ ನಡುವೆ ಮಾತು ಬೆಳೆಯುವುದುಂಟು, ಸಿಟ್ಟಿನಲ್ಲಿ ಮನುಷ್ಯನಿಗೆ ಕೈಯ ಮೇಲೆ ಹಿಡಿತ ತಪ್ಪುವುದೂ ಉಂಟು. ನಾನು ಹೊರಗಿನವಳಲ್ಲ. ಮುಚ್ಚಿಡಬೇಡಿ.

ತುಂಗಮ್ಮ


ಮಂಗಳೂರು,
2–12–2003

ದೊಡ್ಡಮ್ಮನವರಿಗೆ,

ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಸುತ್ತಿ ಬಳಸಿ ನೀವು ಕೇಳುತ್ತಿರುವುದು ಏನೆಂದು ನನಗೆ ತಿಳಿಯದೆ ಇಲ್ಲ. ದಾರಿಯಲ್ಲಿ ನಾನು ಅವಳನ್ನು ಸರಿಯಾಗಿ ನೋಡಿಕೊಂಡೆನೋ ಇಲ್ಲವೋ ಎಂದು ತಾನೇ? ಅದಕ್ಕೆ ಶುಕ್ರವಾರ, ಸಿಟ್ಟು, ಕೈ, ಇವೆಲ್ಲ ಪೀಠಿಕೆ ಯಾಕೆ? ನೇರವಾಗಿ ಕೇಳಬಹುದಿತ್ತು.

ಇಲ್ಲಿ ಏನಾಗುತ್ತಿದೆ ಗೊತ್ತೇ ನಿಮಗೆ? ಡಾಕ್ಟರು ಹೆದರಿದ್ದೇ ಆಯಿತು. ನಾಳಗಳು ಸೆಟೆದುಕೊಂಡವು. ಕಣ್ಣು ಬಿಡುತ್ತಿದ್ದವಳು ಕಣ್ಣು ಬಿಡುವುದನ್ನೂ ನಿಲ್ಲಿಸಿದಳು. ಐ.ಸಿ.ಯು. ಬಾಗಿಲ ಗಾಜಿನಿಂದ ದಿನಕ್ಕೊಮ್ಮೆ ನೋಡುತ್ತೇನೆ. ತಲೆ ಬೋಳಿಸಿದ್ದಾರೆ. ಗುರುತು ಸಿಗುವುದಿಲ್ಲ.

ಮದ್ದಿನ ವಿಷಯ ಡಾಕ್ಟರಿಗೆ ಹೇಳಿದೆ. ಶುಕ್ರವಾರವೇ ಆ ಗುಳ್ಳೆ ಸ್ವಲ್ಪ ಸೋರಿತ್ತಂತೆ, ಆ ತಲೆನೋವು ಅದೇ. ಒಮ್ಮೆ ಸೋರಿದ್ದು ಮತ್ತೆ ಒಡೆಯದಂತೆ ರೋಗಿಯನ್ನು ಅಲುಗದೆ ಮಲಗಿಸಬೇಕು, ಮುಕ್ಕಿರಿಯಬಾರದು, ಕೆಮ್ಮಬಾರದು, ಸೀನಬಾರದು. ನೀವು ಏನು ಮಾಡಿಸಿದಿರಿ? ಮೆಣಸಿನ ರಸ ಬಿಟ್ಟು ಸೀನಿಸಿದಿರಿ. ಒಂದಲ್ಲ, ಎಷ್ಟು ಸಲ ಸೀನಿದಳು ಎಂದು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಇನ್ನು ನಿಮಗೆ ಬೇರೆ ಕಾರಣ ಹುಡುಕುವ ಕೆಲಸ ಬೇಡ.

ನಿಮ್ಮ ಮದ್ದೂ ಸಾಕು, ಕಟ್ಟಳೆಯೂ ಸಾಕು, ಪತ್ರವೂ ಸಾಕು.

ಯಜ್ಞೇಶ


ಕಡಹಿನಬೈಲು,
8–12–2003

ಯಜ್ಞೇಶ,

ಅಳಿಯನೆಂದು ಇಷ್ಟು ವರ್ಷ ಬಹುವಚನ ಹಚ್ಚಿದೆ. ಇವತ್ತು ಕೈ ಬರುತ್ತಿಲ್ಲ.

ನನ್ನ ಮದ್ದಿನಿಂದ ಆಗಿದ್ದರೆ ಅದರ ಪಾಪ ನನ್ನದು, ಹೊರುತ್ತೇನೆ. ನಿನ್ನ ಪಾಲಿನದ್ದನ್ನು ನೀನು ಹೊರು.

ಶನಿವಾರ ಸಂಜೆ ನೀನು ಬಚ್ಚಲಿಗೆ ಹೋಗಿದ್ದಾಗ ಸಂಪದಾ ನನ್ನ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತಿದ್ದಳು. ಮುಖ ಬಾಡಿತ್ತು. ನಾನು ಮಾತಾಡಿಸುವಂತಿಲ್ಲ, ಆದರೆ ಸಾಕಿದ ಕರುಳು ಕೇಳಬೇಕಲ್ಲ, ಗಲ್ಲ ಹಿಡಿದೆತ್ತಿ "ಎಂತ" ಎಂದು ಹುಬ್ಬಲ್ಲೇ ಕೇಳಿದೆ. ಅವಳು ಬಚ್ಚಲ ಕಡೆಗೆ, ನಿನ್ನ ಕಡೆಗೆ, ಒಮ್ಮೆ ನೋಡಿದಳು. ಆಮೇಲೆ ತನ್ನ ಕೈಯನ್ನೆತ್ತಿ ತನ್ನ ಹಿಂದಲೆಗೆ ತಾನೇ ಪಟ್ ಎಂದು ಹೊಡೆದುಕೊಂಡಳು. ಹೊಡೆದು, ಐದೂ ಬೆರಳು ಬಿಡಿಸಿ ತಲೆಯ ತುಂಬ ಹರಡಿ ತೋರಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು. ಇದಕ್ಕೆ ಅರ್ಥ ಹೇಳಲು ಪಂಡಿತರು ಬೇಕೇ? ಆ ದಿನ ನಿನಗೆ ಬಡಿಸುವಾಗ ಅನ್ನಕ್ಕೆ ತುಪ್ಪ ಹಾಕಲಿಲ್ಲ ನಾನು. ನಿನ್ನ ಗಮನಕ್ಕೆ ಬಂತೋ ಇಲ್ಲವೋ.

ಮದ್ದು ಮುಗಿಯಲಿ, ಅವಳ ಬಾಯಿಂದಲೇ ಕೇಳಿ ಆಮೇಲೆ ನಿನ್ನನ್ನು ವಿಚಾರಿಸುತ್ತೇನೆ ಎಂದುಕೊಂಡಿದ್ದೆ. ಈಗ ಅವಳ ಬಾಯಿಯೇ ಇಲ್ಲ.

ಇನ್ನೊಂದು. ನಿನ್ನೆ ಕೊಪ್ಪಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಇಟ್ಟಿರುವ ಸೀತಕ್ಕ ನನ್ನನ್ನು ಕಂಡು ಓಡಿಬಂದಳು. "ನಿಮ್ಮ ಮಗಳು ಹೆಂಗಿದಾರೆ ಅಮ್ಮಾ? ಅವತ್ತು ನಮ್ಮ ಬೆಂಚಲ್ಲೇ ಕೂರಿಸಿ ಯಜಮಾನ್ರು ಎಲ್ಲಿಗೋ ಹೋದ್ರು ಮಾರಾಯ್ತಿ, ಎಷ್ಟು ಹೊತ್ತಾದ್ರೂ ಬರ್ಲೇ ಇಲ್ಲ. ಚಾ ಕೊಟ್ರೆ ಬಾಯಿ ಬದಿಯಿಂದ ಸೋರ್ತಿತ್ತು. ಎಂತ ಆಗ್ತದೆ ಅಂತ ಕೇಳಿದ್ರೆ ಸುಮ್ನೆ ನೋಡ್ತಾರೆ. ಯಜಮಾನ್ರು ಬಂದವರು, ಮದ್ದಿನ ಕಟ್ಟಳೆ, ಮಾತಾಡಿಸ್ಬೇಡಿ ಅಂತ ನಂಗೇ ಜೋರು ಮಾಡಿದ್ರು" ಎಂದಳು.

ಮನೆಗೆ ಬರುವವರೆಗೂ ಸರಿಯಾಗಿದ್ದಳು ಎಂದು ನನಗೆ ಬರೆದದ್ದು ನೀನೇ ತಾನೇ?

ಅವಳನ್ನು ಹೊಡೆದೆಯೋ ಇಲ್ಲವೋ. ಒಂದೇ ಮಾತಿನಲ್ಲಿ ಬರೆ.

ತುಂಗಮ್ಮ


ಮಂಗಳೂರು,
25–12–2003

ಪೂಜ್ಯ ದೊಡ್ಡಮ್ಮನವರಿಗೆ ನಮಸ್ಕಾರಗಳು.

ಹೊಡೆದಿಲ್ಲ.

ಒಂದೇ ಮಾತಿನಲ್ಲಿ ಕೇಳಿದ್ದಿರಿ, ಅದು ಆಯಿತು. ಉಳಿದದ್ದು ಒಂದು ಮಾತಿನಲ್ಲಿ ಮುಗಿಯುವುದಿಲ್ಲ. ಬರೆಯಲು ಇಷ್ಟು ದಿನ ಬೇಕಾಯಿತು, ಕ್ಷಮಿಸಿ. ಮೊದಲು ಒಳ್ಳೆಯ ಸುದ್ದಿ: ಸಂಪದಾ ಕಣ್ಣು ಬಿಟ್ಟಿದ್ದಾಳೆ. ಎಡಗೈಯಲ್ಲಿ ನನ್ನ ಬೆರಳು ಹಿಡಿಯುತ್ತಾಳೆ. ವಾರ್ಡಿಗೆ ತಂದಿದ್ದಾರೆ.

ನಿಮ್ಮ ಪತ್ರ ಓದಿದ ದಿನ ನನಗೆ ಬಂದ ಸಿಟ್ಟು ಹೇಳತೀರದು. ಹರಿದುಹಾಕಬೇಕೆಂದಿದ್ದೆ. ಆದರೆ ನೀವು ಬರೆದ ಆ ಕೈಸನ್ನೆ ತಲೆಯಿಂದ ಹೋಗಲಿಲ್ಲ. ಪತ್ರ ತೆಗೆದುಕೊಂಡು ಹೋಗಿ ಡಾಕ್ಟರಿಗೆ ಆ ಭಾಗ ಮಾತ್ರ ಓದಿ ಹೇಳಿದೆ. ಅವರು ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. ತಮ್ಮ ಹಿಂದಲೆಗೆ ತಾವೇ ಪಟ್ ಎಂದು ಹೊಡೆದುಕೊಂಡು, ಬೆರಳು ಹರಡಿ, "ಹೀಗೆ ತಾನೇ?" ಎಂದು ಕೇಳಿದರು.

ಈ ಕಾಯಿಲೆಯವರು ಬದುಕಿ ಬಂದರೆ ಎಲ್ಲರೂ ಹೇಳುವುದು ಅದೇ ಮಾತಂತೆ. ಯಾರೋ ಹಿಂದಿನಿಂದ ಬಂದು ತಲೆಗೆ ಹೊಡೆದರು ಎಂದು. ಕೆಲವರು ತಿರುಗಿ ನೋಡುತ್ತಾರಂತೆ. ಅರೆತಲೆನೋವು ಮೆಲ್ಲಗೆ ಶುರುವಾಗಿ ಏರುತ್ತದೆ. ಇದು ಹಾಗಲ್ಲ, ಕಣ್ಣು ಮಿಟುಕಿಸುವುದರೊಳಗೆ ಪೂರ್ತಿ ಬಂದುಬಿಡುತ್ತದೆ. ವಾಂತಿಯಾಗುತ್ತದೆ, ಕುತ್ತಿಗೆ ಬಿಗಿಯುತ್ತದೆ. ಜನ್ಮದಲ್ಲೇ ಕಾಣದಂಥ ತಲೆನೋವು ಹಾಗೆ ಒಮ್ಮೆಗೇ ಬಂದರೆ, ಆಮೇಲೆ ಇಳಿದರೂ ಸರಿಯೇ, ಆ ಹೊತ್ತಿಗೇ ಆಸ್ಪತ್ರೆಗೆ ಓಡಬೇಕು ಎಂದರು. "ನಿಮ್ಮ ಹೆಂಡತಿ ಒಂದು ಮಾತೂ ಇಲ್ಲದೆ ಎಷ್ಟು ಸರಿಯಾಗಿ ಹೇಳಿದ್ದಾರೆ ನೋಡಿ" ಎಂದರು.

ನಿಮಗೆ ಸನ್ನೆ ಮಾಡುವಾಗ ಅವಳು ಬಚ್ಚಲ ಕಡೆ ಯಾಕೆ ನೋಡಿದಳು ಎಂದು ನಿಮಗೆ ಅನುಮಾನ ಇರಬಹುದು. ಶುಕ್ರವಾರ ಬೆಳಗ್ಗೆ ನಾನು ಕಾಫಿಗೆಂದು ಅವಳ ಹಿಂದೆ ಬಂದು ನಿಂತಿದ್ದೆ. ಅವಳು ಸಟ್ಟುಗ ಬಿಟ್ಟು, ತಲೆ ಹಿಡಿದುಕೊಂಡು ತಿರುಗಿ, "ಯಾಕ್ರೀ ಹೊಡೆದ್ರಿ?" ಎಂದಳು. ನಾನು ನಕ್ಕೆ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ ದೊಡ್ಡಮ್ಮ. ನಾನಲ್ಲ ಮಾರಾಯ್ತಿ ಎಂದೆ. ಅಷ್ಟರಲ್ಲಿ ವಾಂತಿ ಬಂತು. ಇದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನು ಕೊಪ್ಪದ ವಿಷಯ. ಸೀತಕ್ಕ ಹೇಳಿದ್ದು ನಿಜ. ಒಬ್ಬರ ಟಿ.ವಿ.ಗೆ ಪಿಕ್ಚರ್ ಟ್ಯೂಬ್ ಬೇಕಿತ್ತು, ಇಷ್ಟು ದೂರ ಬಂದದ್ದಕ್ಕೆ ತೆಗೆದುಕೊಂಡೇ ಹೋಗೋಣ ಎಂದು ಅವಳನ್ನು ಬೆಂಚಿನ ಮೇಲೆ ಕೂರಿಸಿ ಹೋದೆ. ಅಂಗಡಿ ತೆರೆದಿರಲಿಲ್ಲ. ಕಾದೆ. ತೆರೆದ ಮೇಲೆ ಮಾತಿಗೆ ನಿಂತೆ. ಬಂದು ನೋಡಿದಾಗ ಅವಳ ಸೆರಗು ಒದ್ದೆಯಾಗಿತ್ತು, ಚಹಾ ಚೆಲ್ಲಿಕೊಂಡಿದ್ದಾಳೆ ಎಂದುಕೊಂಡೆ. ಶೃಂಗೇರಿಯ ಬಸ್ಸಿನಲ್ಲಿ ಅವಳು ಎಡಗೈಯಲ್ಲಿ ನನ್ನ ಅಂಗಿಯ ತೋಳು ಹಿಡಿದು ಎಳೆದಳು. ಬಾಯಿ ತೆರೆಯಲು ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಮತ್ತೆ ಎಳೆದಳು. ಮತ್ತೆ ಬೆರಳಿಟ್ಟೆ. ಇನ್ನು ಸ್ವಲ್ಪ ದೂರ, ಇಷ್ಟು ಪಾಲಿಸಿದ್ದು ಕೆಡಿಸಬೇಡ ಎಂದು ಬುದ್ಧಿ ಹೇಳಿದೆ.

ಮನೆಗೆ ಬಂದು ಹೊಸಿಲು ದಾಟಿಸಿದೆ. "ಹ್ಞಾಂ, ಇನ್ನು ಎಷ್ಟು ಬೇಕಾದ್ರೂ ಮಾತಾಡು ಮಾರಾಯ್ತಿ" ಎಂದೆ. ಅವಳು ಬಾಯಿ ತೆರೆದಳು. ಬಂದದ್ದು ಮಾತಲ್ಲ. ನಾನು ಅಂಥ ಸ್ವರ ಕೇಳಿರಲಿಲ್ಲ.

ಮಾತು ಯಾವಾಗ ಹೋಯಿತು ಎಂದು ಇಲ್ಲಿ ಎಲ್ಲರೂ ಕೇಳಿದರು. ಬೇಗ ತಂದಿದ್ದರೆ ಅಷ್ಟು ರಕ್ತ ಒಳಗೆ ಹೆಪ್ಪುಗಟ್ಟುತ್ತಿರಲಿಲ್ಲವಂತೆ. ಯಾವಾಗ ಹೋಯಿತೆಂದು ನನಗೆ ಗೊತ್ತಿಲ್ಲ. ಪಕ್ಕದಲ್ಲೇ ಕೂತು ಬಂದ ಗಂಡನಿಗೆ ಗೊತ್ತಿಲ್ಲ. ಅದನ್ನು ಹೇಳಲಾಗದೆ ನಿಮ್ಮ ಮದ್ದಿನ ಮೇಲೆ ಹಾಕಿದೆ. ಮದ್ದಿನ ಬಗ್ಗೆ ಡಾಕ್ಟರು ನಿಜಕ್ಕೂ ಹೇಳಿದ್ದು ಇಷ್ಟು: ಸೀನಿದ್ದರಿಂದಲೇ ಆಯಿತು ಎನ್ನಲಾರೆ, ಅಲ್ಲ ಎಂದೂ ಹೇಳಲಾರೆ, ಸೋರಿದ ಗುಳ್ಳೆ ಮಲಗಿದ್ದಲ್ಲೇ ಒಡೆಯುವುದೂ ಉಂಟು. ನಾನು ನಿಮಗೆ ಅರ್ಧ ಮಾತ್ರ ಬರೆದೆ.

ನನ್ನ ಅತ್ತೆಯವರ ಸಾವಿನ ವಿಷಯವನ್ನೂ ಹೇಳಿದೆ. ತಾಯಿಗೂ ಮಗಳಿಗೂ ಇದೇ ಆಗಿದ್ದರೆ ದಿವ್ಯ ಸ್ವಲ್ಪ ದೊಡ್ಡವಳಾದ ಮೇಲೆ ತಪ್ಪದೆ ಸ್ಕ್ಯಾನ್ ಮಾಡಿಸಬೇಕು, ನಿಮಗೂ ಒಮ್ಮೆ ಮಾಡಿಸುವುದು ಒಳ್ಳೆಯದು ಎಂದರು.

ನಿಮ್ಮ
ಯಜ್ಞೇಶ

(ತುಪ್ಪದ್ದು ಗಮನಕ್ಕೆ ಬಂದಿತ್ತು. ಮುಗಿದಿರಬೇಕು ಎಂದುಕೊಂಡೆ.)


ಕಡಹಿನಬೈಲು,
31–12–2003

ಚಿ. ಯಜ್ಞೇಶರಿಗೆ ಆಶೀರ್ವಾದ.

ತುಪ್ಪ ಮುಗಿದಿರಲಿಲ್ಲ. ತಪ್ಪಾಯಿತು.

ನಿಮ್ಮ ಪತ್ರ ಓದಿ ಅಡುಗೆಮನೆಗೆ ಹೋಗಿ ಒಲೆಯ ಪಕ್ಕ, ಅವಳು ಕೂತಿದ್ದಲ್ಲೇ ಕೂತೆ. ನನ್ನ ಹಿಂದಲೆಗೆ ನಾನೇ ಹೊಡೆದುಕೊಂಡು ನೋಡಿದೆ. ಅವಳು ಹೇಳುತ್ತಿದ್ದದ್ದು ಎಷ್ಟು ಸ್ಪಷ್ಟ ಎಂದು ಆಗ ಗೊತ್ತಾಯಿತು. ಬಾವಿಕಟ್ಟೆಯಲ್ಲಿ ತಂಗಿ ತಲೆ ಹಿಡಿದುಕೊಂಡದ್ದನ್ನು ಕಣ್ಣಾರೆ ನೋಡಿದವಳು ನಾನು. ಊರಿನಲ್ಲಿ ಇನ್ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ನಾನು ಮಾಡಿದ್ದೇನು? ನಿಮ್ಮನ್ನು ಹೆಂಡತಿಗೆ ಹೊಡೆಯುವವನನ್ನಾಗಿ ಮಾಡಿ, ಆ ಸಿಟ್ಟಿನಲ್ಲೇ ಬೆಳಗಾಗೆದ್ದು ಮೆಣಸು ತೇಯ್ದೆ. ನಿಮ್ಮ ಮೇಲಿನ ಸಿಟ್ಟಿಗೆ ಅವಳನ್ನು ಇನ್ನೊಮ್ಮೆ ಸರಿಯಾಗಿ ನೋಡಲೂ ಇಲ್ಲ. ಇದು ನನಗೆ ಸಹಿಸಲಾಗುತ್ತಿಲ್ಲ.

ನಿಮ್ಮ ಡಾಕ್ಟರು ಹೌದೂ ಅಲ್ಲ, ಅಲ್ಲವೂ ಅಲ್ಲ ಎಂದರಲ್ಲ, ಅದು ಎಲ್ಲಕ್ಕಿಂತ ಕಷ್ಟ. ಹೌದು ಎಂದಿದ್ದರೆ ಅತ್ತು ಬಿಡುತ್ತಿದ್ದೆ.

ಮೊನ್ನೆ ಭಾನುವಾರ ಮದ್ದಿಗೆ ಬಂದವರನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರನ್ನೇ ಮಾತಾಡಿಸಿದೆ. ನೋವು ಹೇಗೆ ಬಂತು, ಮೆಲ್ಲಗೋ ಒಮ್ಮೆಗೋ, ಮೊದಲೂ ಬರುತ್ತಿತ್ತೋ. ಅವರು ತುಟಿ ಬಿಗಿದು ನನ್ನನ್ನೇ ಹುಚ್ಚಿಯ ಹಾಗೆ ನೋಡಿದರು. ಬಾಯಿ ಬಿಡದವರಿಗೆ ಮದ್ದಿಲ್ಲ ಎಂದೆ. ಅರ್ಧ ಜನ ಎದ್ದು ಹೋದರು. ಹೋಗಲಿ.

ನನ್ನ ತಲೆಯ ಚಿಂತೆ ಬೇಡ, ಅದು ಇಷ್ಟು ವರ್ಷ ಒಡೆಯದೆ ನಿಂತಿದೆ, ಇನ್ನು ಒಡೆದರೂ ಯಾರಿಗೇನು. ದಿವ್ಯಳದ್ದು ಮಾತ್ರ ಮರೆಯಬೇಡಿ.

ಸಂಪದಾಗೆ ನನ್ನ ಹೆಸರು ಹೇಳಿ ನೋಡಿ. ಮುಖ ಹೇಗೆ ಮಾಡುತ್ತಾಳೆಂದು ಬರೆಯಿರಿ. ಮುಚ್ಚಿಡದೆ ಬರೆಯಿರಿ.

ತುಂಗಮ್ಮ


ಶೃಂಗೇರಿ,
18–1–2004

ಪೂಜ್ಯ ದೊಡ್ಡಮ್ಮನವರಿಗೆ ನಮಸ್ಕಾರಗಳು.

ಸಂಪದಾಳನ್ನು ಮನೆಗೆ ಕರೆತಂದಿದ್ದೇವೆ. ಕೋಲು ಹಿಡಿದು, ನನ್ನ ಹೆಗಲು ಹಿಡಿದು ನಡೆಯುತ್ತಾಳೆ. ಬಲಗೈ ಇನ್ನೂ ಜೋತು ಬೀಳುತ್ತದೆ. ತಲೆಯಲ್ಲಿ ಗೋರಂಟಿ ಮುಳ್ಳಿನ ಹಾಗೆ ಕೂದಲು ಬಂದಿದೆ. ದಿವ್ಯ ಅದನ್ನು ಸವರುವುದು, ಅವಳು ಕೈ ತಳ್ಳುವುದು, ಇದು ದಿನವಿಡೀ ನಡೆಯುತ್ತದೆ.

ನಾವು ಹೇಳಿದ್ದು ಬಹುಪಾಲು ಅರ್ಥವಾಗುತ್ತದೆ. ಹೇಳಲು ಹೋದರೆ ಬರುವುದಿಲ್ಲ. ಕಾಫಿಗೂ "ನೀರು", ಚಾದರಕ್ಕೂ "ನೀರು", ನನಗೂ "ನೀರು". ತಪ್ಪಾಯಿತೆಂದು ಅವಳಿಗೇ ತಿಳಿದು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಆದರೆ ಸಂಜೆ ದೀಪ ಹಚ್ಚಿ ದಿವ್ಯ ಭಜನೆ ಶುರುಮಾಡಿದರೆ ಮೊದಲಿಂದ ಕೊನೆಯವರೆಗೆ ಒಂದಕ್ಷರ ತಪ್ಪದೆ ಹಾಡುತ್ತಾಳೆ. ಹಾಡು ಮುಗಿದರೆ ಮತ್ತೆ ಇಲ್ಲ. ಹಾಡಿಗೂ ಮಾತಿಗೂ ಮೆದುಳಿನಲ್ಲಿ ಬೇರೆ ಬೇರೆ ಜಾಗವಂತೆ. ಮಾತು ತಿರುಗಿ ಕಲಿಸಬೇಕು, ವರ್ಷಗಟ್ಟಲೆ ಹಿಡಿಯಬಹುದು, ಎಷ್ಟು ಬರುತ್ತದೆಂದು ಯಾರೂ ಹೇಳಲಾರರು.

ನಿಮ್ಮ ಹೆಸರು ಹೇಳಿದರೆ ಮುಖ ಹೇಗೆ ಮಾಡುತ್ತಾಳೆಂದು ಕೇಳಿದ್ದಿರಿ. ಮೊದಮೊದಲು ಏನೂ ಮಾಡಲಿಲ್ಲ. ನಿನ್ನೆ ಮಾಡಿದಳು, ಅದನ್ನು ಬರೆಯಲೆಂದೇ ಕೂತಿದ್ದೇನೆ.

ನಿನ್ನೆ ಸಂಜೆ ಅವಳ ಎದುರು ಕೂತು ಎಲ್ಲ ಹೇಳಿದೆ. ಅವಳ ತಲೆಯೊಳಗೆ ಏನಾಗಿತ್ತು ಎಂದು ಅವಳಿಗೇ ಯಾರೂ ಹೇಳಿರಲಿಲ್ಲ ನೋಡಿ. ಗುಳ್ಳೆಯ ವಿಷಯ, ಕ್ಲಿಪ್ಪಿನ ವಿಷಯ, ಅವಳ ಅಮ್ಮನ ವಿಷಯ. ಶುಕ್ರವಾರ ನಾನು ನಕ್ಕದ್ದು. ನಿಮ್ಮ ಅಡುಗೆಮನೆಯಲ್ಲಿ ಅವಳು ಮಾಡಿದ ಸನ್ನೆಯನ್ನು ನೀವು ಏನೆಂದು ತಿಳಿದಿರಿ ಎಂಬುದು. ಬಸ್ಸಿನಲ್ಲಿ ನಾನು ಬೆರಳಿಟ್ಟದ್ದು. ಕಣ್ಣು ಮಿಟುಕಿಸದೆ ಕೇಳಿದಳು. ಡಾಕ್ಟರು ಆ ಸನ್ನೆ ನೋಡಿದ ಕೂಡಲೇ ಕಾಯಿಲೆ ಇದೇ ಎಂದರು ಎಂದಾಗ, ಎಡಗೈಯನ್ನು ಮೆಲ್ಲಗೆ ಎತ್ತಿ ಹಿಂದಲೆಗೆ ಇಟ್ಟುಕೊಂಡು, "ಹೇಳಿದ್ನಲ" ಎಂದಳು.

ಸ್ಪಷ್ಟವಾಗಿ ದೊಡ್ಡಮ್ಮ, ಹಿಂದಿನ ಸಂಪದಾ ಹೇಳುತ್ತಿದ್ದ ಹಾಗೆಯೇ. ದಿವ್ಯ ಒಳಗಿಂದ ಓಡಿಬಂದಳು. ನಾವು ಸಂತೋಷಪಡಬೇಕಿತ್ತು. ಆದರೆ ಅವಳಿಗೆ ಅದನ್ನು ನಿಲ್ಲಿಸಲಾಗಲಿಲ್ಲ. "ಹೇಳಿದ್ನಲ, ಹೇಳಿದ್ನಲ" ಎನ್ನುತ್ತಲೇ ಇದ್ದಳು, ಅಳುತ್ತಾ, ತಲೆ ತಟ್ಟಿಕೊಳ್ಳುತ್ತಾ, ಊಟ ಮುಗಿದು ನಿದ್ದೆ ಬರುವವರೆಗೂ. ನನಗೆ ಹೇಳುತ್ತಿದ್ದಳೋ ನಿಮಗೆ ಹೇಳುತ್ತಿದ್ದಳೋ, ಅದೂ ತಿಳಿಯಲಿಲ್ಲ.

ಇದನ್ನು ನಿಮಗೆ ಬರೆಯಬಾರದು ಎಂದುಕೊಂಡೆ. ಆದರೆ ಮುಚ್ಚಿಡಬೇಡಿ ಎಂದಿದ್ದಿರಿ.

ನಿಮ್ಮ
ಯಜ್ಞೇಶ


ಕಡಹಿನಬೈಲು,
22–1–2004

ಚಿ. ಯಜ್ಞೇಶರಿಗೆ ಆಶೀರ್ವಾದ.

ಬರೆದದ್ದು ಒಳ್ಳೆಯದಾಯಿತು.

ಇಲ್ಲಿಯ ಸುದ್ದಿ ಒಂದಿದೆ, ಕೇಳಿ. ಹೋದ ಭಾನುವಾರ ಶೆಟ್ಟಿಕೊಪ್ಪದ ಧರ್ಮಪ್ಪ ಬಂದಿದ್ದ. ನೋವು ಹೇಗೆ ಬಂತು ಎಂದರೆ, "ಯಾರೋ ದೊಣ್ಣೆ ತಗಂಡು ಬಾರಿಸ್ದಂಗೆ ಬಂತು ಅಮ್ಮಾ" ಎಂದ. ಮದ್ದು ಬಿಡಲಿಲ್ಲ. ಮನೆಯವರನ್ನು ಬೈದು, ಜೀಪು ಮಾಡಿಸಿ, ಶಿವಮೊಗ್ಗಕ್ಕೆ ಕಳಿಸಿದೆ. ಸ್ಕ್ಯಾನ್ ಮಾಡಿ ನೋಡಿದರೆ ಏನೂ ಇಲ್ಲ, ಬರೀ ತಲೆನೋವು. ಈಗ ಅವನ ಮನೆಯವರು ತುಂಗಮ್ಮನ ಕೈಗುಣ ಹೋಯಿತು, ಮದ್ದು ಕೊಡುವ ಬದಲು ಆಸ್ಪತ್ರೆಗೆ ಅಟ್ಟುತ್ತಾಳೆ ಎಂದು ನರಸಿಂಹರಾಜಪುರದವರೆಗೂ ಸಾರಿಕೊಂಡು ಬಂದಿದ್ದಾರೆ. ಸಾರಲಿ. ಇನ್ನೊಬ್ಬ ಹಾಗೆ ಹೇಳಿದರೂ ಕಳಿಸುವವಳೇ ನಾನು. ಏನೂ ಇಲ್ಲ ಎಂದು ಗೊತ್ತಾಗುವುದಕ್ಕೂ ಹೋಗಿಯೇ ನೋಡಬೇಕಲ್ಲ.

ಈಗ ಸಂಪದಾಳ ಮಾತಿಗೆ ಬರುತ್ತೇನೆ. ಯಾರಿಗೆ ಹೇಳಿದಳು ಎಂದು ನಿಮಗೆ ತಿಳಿಯಲಿಲ್ಲವೆಂದಿರಿ. ಇಬ್ಬರಿಗೂ ಹೇಳಿದ್ದಾಳೆ. ನಿಮ್ಮ ಪಾಲಿನದ್ದನ್ನು ನೀವು ಎದುರು ಕೂತು ಕೇಳಿದಿರಿ. ನಾನು ಕಾಗದದಲ್ಲಿ ಓದಿದೆ. ಅದು ಕೇಳಿದ ಹಾಗೆ ಅಲ್ಲ.

ಈ ಶನಿವಾರ ಶೃಂಗೇರಿಗೆ ಬರುತ್ತೇನೆ. ಈ ಪತ್ರಕ್ಕಿಂತ ನಾನೇ ಮೊದಲು ಮುಟ್ಟಿದರೂ ಆಶ್ಚರ್ಯವಿಲ್ಲ. ಅತ್ತೆ ಮದ್ದು ಕೈಗೆ ಕೊಟ್ಟಾಗಿನಿಂದ ಶನಿವಾರ ರಾತ್ರಿ ನಾನು ಈ ಮನೆ ಬಿಟ್ಟು ಬೇರೆಲ್ಲೂ ಮಲಗಿದವಳಲ್ಲ. ಭಾನುವಾರ ಬಂದವರು ಬಾಗಿಲು ನೋಡಿಕೊಂಡು ಹೋಗಲಿ.

ನನ್ನನ್ನು ಕಂಡರೆ ಅವಳು ಮತ್ತೆ ಅದನ್ನೇ ಶುರುಮಾಡಬಹುದು. ಅತ್ತಾಳು, ತಲೆ ತಟ್ಟಿಕೊಂಡಾಳು. ನೀವು ನಡುವೆ ಬಂದು ಸಮಾಧಾನ ಮಾಡಬೇಡಿ. ದೊಡ್ಡಮ್ಮನಿಗೆ ವಯಸ್ಸಾಯಿತು, ಬೇಸರ ಮಾಡಬೇಡ ಎಂದು ಅವಳಿಗೆ ಹೇಳಬೇಡಿ. ದಿವ್ಯಗೂ ಹೇಳಿಡಿ. ನಾನು ಅವಳ ಎದುರಿಗೆ ಕೂರುತ್ತೇನೆ. ಅವಳು ಎಷ್ಟು ಹೊತ್ತು ಹೇಳುತ್ತಾಳೋ ಅಷ್ಟು ಹೊತ್ತು ಹೇಳಲಿ. ನಾನು ಕೇಳಬೇಕು.

ತುಂಗಮ್ಮ